ವಿಶಾಲಾಕ್ಷಿ ಮೇಡಂ ಮತ್ತು ಹದಿನೇಳು ವರ್ಷದ ಜೀರುಂಡೆ

ಸುದ್ದಿ ಬಂದಾಗ ನಾನು ಫ್ರಿಜ್ಜಿನ ಬಾಗಿಲಿನ ರಬ್ಬರ್ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತಿದ್ದೆ. ಒಳಗಿದ್ದ ಹಾಲು, ಮೊಸರು, ಅರ್ಧ ಹೋಳು ತೆಂಗಿನಕಾಯಿ ಎಲ್ಲ ಅಡುಗೆ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಪಕ್ಕದ ಮನೆಯ ವಿದ್ಯಾ ಹಿತ್ತಲ ಬೇಲಿಯ ಆಚೆಯಿಂದಲೇ ಕೂಗಿದಳು. "ಗಿರಿಜಾ, ಅಮ್ಮ ಹೋಗ್ಬಿಟ್ರಂತೆ. ಈಗ ಮಾವ ಫೋನ್ ಮಾಡಿದ್ರು, ತುಮಕೂರಿಂದ. ನಿದ್ದೆಯಲ್ಲೇ ಅಂತೆ."

ನಾನು ಬ್ರಷ್ ಹಿಡಿದುಕೊಂಡೇ ಹೊರಗೆ ಓಡಿದೆ. ಇಂಥ ಹೊತ್ತಿನಲ್ಲಿ ಆಡಬೇಕಾದ ಮಾತುಗಳು ನನಗೆ ಗೊತ್ತಿಲ್ಲದೇ ಇಲ್ಲ. ಆದರೆ, ದೇವರು ಕ್ಷಮಿಸಲಿ, ನನ್ನ ಬಾಯಿಂದ ಮೊದಲು ಬಂದದ್ದು, "ಅಯ್ಯೋ, ಇನ್ನೂ ಹದಿನಾರು ವರ್ಷ ಇತ್ತಲ್ಲೇ!" ಎಂಬ ಮಾತು.

ಅಳುತ್ತಿದ್ದ ವಿದ್ಯಾ ಫಕ್ಕನೆ ನಕ್ಕುಬಿಟ್ಟಳು. ಮತ್ತೆ ಅತ್ತಳು. ಏಕೆಂದರೆ ಅವಳ ತಾಯಿ ವಿಶಾಲಾಕ್ಷಿ ಮೇಡಂ ಎರಡು ಸಾವಿರದ ಮೂವತ್ತೆಂಟರವರೆಗೆ ತಾನು ಸಾಯುವುದಿಲ್ಲ ಎಂದು ನಮ್ಮಿಬ್ಬರ ಮುಂದೆಯೂ ಎಷ್ಟೋ ಸಲ ಹೇಳಿದ್ದರು. ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮೇಡಂ ಹೇಳಿದರೆ ಯಮನೂ ಡೈರಿ ತೆರೆದು ಗುರುತು ಹಾಕಿಕೊಳ್ಳಬೇಕು, ಹಾಗಿರುತ್ತಿತ್ತು ಅವರ ಧ್ವನಿ.

ತುಮಕೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಹೇಳಿಕೊಟ್ಟವರು ಅವರು. ಕುಳ್ಳು ಶರೀರ. ನೂಲಿನ ಸೀರೆಯನ್ನು ಕಣಕಾಲಿಗಿಂತ ಮೇಲೆ ಉಟ್ಟು, ಅದರ ಮೇಲೆ ಅಳಿಯನ ಹಳೆಯ ಮಳೆಕೋಟು ತೊಟ್ಟು, ಕಾಲಿಗೆ ಮೊಮ್ಮಗಳು ಬಿಟ್ಟ ಗುಲಾಬಿ ಬಣ್ಣದ ಶೂ ಹಾಕಿಕೊಂಡು ನಾವಿರುವ ಯೂರೋಪಿನ ಊರು ಆಲ್ಮೆರೆಯ ಬೀದಿಯಲ್ಲಿ ನಡೆದರೆ ಸೈಕಲ್ ಮೇಲೆ ಹೋಗುವವರು ಒಮ್ಮೆ ತಿರುಗಿ ನೋಡುತ್ತಿದ್ದರು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ. ನಾವು ತಾಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆ ಅವರು ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮಾತಾಡುವಾಗ ಹೆಬ್ಬೆಟ್ಟು ತೋರುಬೆರಳು ಸದಾ ಉಜ್ಜಿಕೊಳ್ಳುವರು, ಸೀಮೆಸುಣ್ಣದ ಪುಡಿ ಇನ್ನೂ ಹೋಗಿಲ್ಲ ಎಂಬಂತೆ.

ನಾವು ಆಲ್ಮೆರೆಗೆ ಮನೆ ಬದಲಾಯಿಸಿದ್ದು ಕೊರೋನಾ ಶುರುವಾದ ತಿಂಗಳಲ್ಲೇ. ಅಕ್ಕಪಕ್ಕದವರ ಮುಖ ನೋಡುವ ಮೊದಲೇ ಎಲ್ಲರ ಬಾಗಿಲೂ ಮುಚ್ಚಿದವು. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ನಮ್ಮ ಹಿತ್ತಲ ಮೂಲೆಯಲ್ಲಿ ಯಾರೋ ವಯಸ್ಸಾದ ಹೆಂಗಸು ಕುಕ್ಕರಗಾಲಲ್ಲಿ ಕೂತು, ಮಣ್ಣಿನೊಳಗೆ ಏನನ್ನೋ ಚುಚ್ಚಿ, ಬಾಯಲ್ಲಿ ಏನೋ ಗುಣುಗುಣಿಸುತ್ತಿದ್ದಾರೆ. ಸಮುದ್ರ ದಾಟಿ ಬಂದರೂ ಮಾಟ ಮಾಡುವವರು ಬಿಡಲಿಲ್ಲವಲ್ಲ ಎಂದುಕೊಂಡು, ದೇವರ ಮುಂದಿದ್ದ ಗಂಗಾಜಲದ ತಂಬಿಗೆ ಹಿಡಿದು ಹೊರಗೆ ನಡೆದೆ.

"ಯಾರು ನೀವು? ಏನು ಹೂಳ್ತಿದೀರಾ ನಮ್ಮ ಮನೇಲಿ?"

"ಹೂಳ್ತಿಲ್ಲ ಕಣಮ್ಮ, ಅಳೀತಿದೀನಿ. ಸ್ವಲ್ಪ ಆ ಕಡೆ ನಿಂತ್ಕೋ, ಬೆಳಕಿಗೆ ಅಡ್ಡ ಆಗುತ್ತೆ."

ಮಣ್ಣಿನೊಳಗಿದ್ದದ್ದು ಪಾಕದ ಹದ ನೋಡುವ ಉದ್ದನೆಯ ಥರ್ಮಾಮೀಟರು. ಅದನ್ನು ಎಳೆದು ಸೀರೆಯ ಸೆರಗಿಗೆ ಒರೆಸಿ, "ಒಂದು ಗೇಣು ಆಳದಲ್ಲಿ ಏಳು ಡಿಗ್ರಿ. ಹದಿನೆಂಟು ಬಂದ್ರೇನೆ ಅವು ಮೇಲೆ ಬರೋದು," ಎಂದರು.

"ಅವು ಅಂದ್ರೆ ಯಾವು?" ತಂಬಿಗೆಯನ್ನು ಎದೆಗವಚಿಕೊಂಡು ಕೇಳಿದೆ.

"ಹೆದರ್ಕೋಬೇಡ, ಅವು ಇಲ್ಲಿಲ್ಲ. ಅಮೆರಿಕದಲ್ಲಿವೆ."

ನನಗೆ ಇನ್ನೂ ಹೆದರಿಕೆಯಾಗಿ ತಂಬಿಗೆಯ ಅಷ್ಟೂ ಗಂಗಾಜಲವನ್ನು ಆ ಮೂಲೆಗೆ ಸುರಿದೆ. ಮೇಡಂ ಹಣೆ ಚಚ್ಚಿಕೊಂಡರು. "ನೋಡು, ಮಣ್ಣು ನೆನೆಸಿಬಿಟ್ಟೆ! ನಾಳೆ ಲೆಕ್ಕ ತಪ್ಪುತ್ತೆ."

ಹೀಗೆ ಪರಿಚಯ. ಅವರ ಹಿತ್ತಲಿಗೆ ಮಗಳು ಪೂರ್ತಿ ಕಲ್ಲು ಹಾಸಿಸಿದ್ದರಿಂದ ಅಳೆಯಲು ಮಣ್ಣು ಬೇಕೆಂದು ಬೇಲಿಯ ಗೇಟು ತೆರೆದು ನಮ್ಮಲ್ಲಿಗೆ ಬಂದಿದ್ದರಂತೆ. ಹಾಗಾದರೆ ಇಲ್ಲಿ ಆ ಹುಳುಗಳೇ ಇಲ್ಲದ ಮೇಲೆ ಅಳೆಯುವುದೇಕೆ ಎಂದು ನಾನು ಕೇಳಿದ್ದಕ್ಕೆ, "ಕೈ ಪಳಗಿರಬೇಕಲ್ಲಮ್ಮ. ಮುಂದಿನ ವರ್ಷ ಅಲ್ಲಿ ಹೋದಾಗ ಹೊಸಬಳ ಥರ ತಡಕಾಡಬಾರದು," ಎಂದರು. ಆಮೇಲೆ ಕಾಲಿನಿಂದ ನೆಲವನ್ನು ತಟ್ಟಿ, "ಇಲ್ಲಿ ಎಲ್ಲಿಂದ ಇರ್ತವೆ? ಐವತ್ತು ಅರವತ್ತು ವರ್ಷದ ಹಿಂದೆ ಇದು ನೀರಿನ ತಳ, ನೀರು ಬಸಿದು ಊರು ಕಟ್ಟಿದಾರೆ. ಈ ನೆಲಕ್ಕೇ ನನಗಿಂತ ಕಮ್ಮಿ ವಯಸ್ಸು," ಎಂದು ನಕ್ಕರು.

ಜೀರುಂಡೆ ಎಂದರೆ ಮರಕ್ಕೆ ಅಂಟಿಕೊಂಡು ಕಿವಿ ಗುಂಯ್ ಅನ್ನುವಂತೆ ಕಿರುಚುವ ಹುಳು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅಮೆರಿಕದ ಕೆಲವು ಊರುಗಳಲ್ಲಿರುವ ಈ ಜಾತಿಯ ಜೀರುಂಡೆ ಹದಿನೇಳು ವರ್ಷಕ್ಕೊಮ್ಮೆ, ಎಲ್ಲವೂ ಒಟ್ಟಿಗೆ, ಲಕ್ಷಗಟ್ಟಲೆ ನೆಲದಿಂದ ಏಳುತ್ತವಂತೆ. ನಾನು ಹುರುಳಿಕಾಯಿ ಮುರಿಯುತ್ತಾ ಕೂತಿರುವಾಗ ಮೇಡಂ ಎದುರಿಗೆ ಕೂತು ಅದರ ಬಾಳನ್ನು ಹೇಳುವರು. ತಾಯಿ ಹುಳು ಎಳೆಯ ರೆಂಬೆಯನ್ನು ಸೀಳಿ ಅಕ್ಕಿ ನುಚ್ಚಿನಂಥ ಮೊಟ್ಟೆಗಳನ್ನಿಡುತ್ತದೆ. ಆರೆಂಟು ವಾರಕ್ಕೆ ಇರುವೆಯಷ್ಟು ಮರಿ ಹೊರಬಂದು, ಮರದಿಂದ ಕೆಳಗೆ ಬಿದ್ದು, ಮಣ್ಣಿಗೆ ಇಳಿದುಬಿಡುತ್ತದೆ. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಎರಡೂ ಸತ್ತಿರುತ್ತವೆ. ಕತ್ತಲಲ್ಲಿ ಬೇರಿಗೆ ಬಾಯಿ ಹಚ್ಚಿ ರಸ ಕುಡಿಯುತ್ತಾ, ಬೆಳೆದ ಹಾಗೆಲ್ಲ ಪೊರೆ ಬಿಡುತ್ತಾ, ನಾಲ್ಕು ಪೊರೆ ಮಣ್ಣಲ್ಲೇ ಕಳಚುತ್ತದೆ. ಹದಿನೇಳನೆಯ ವರ್ಷ ಮಣ್ಣು ಬೆಚ್ಚಗಾದಾಗ ಬೆರಳು ತೂರುವಷ್ಟು ತೂತು ಕೊರೆದುಕೊಂಡು ಮೇಲೆ ಬಂದು, ಮರ ಹತ್ತಿ, ಐದನೆಯ ಮತ್ತು ಕೊನೆಯ ಪೊರೆ ಬಿಡುತ್ತದೆ. ಅಲ್ಲಿಂದ ಬರೀ ಮೂರು ನಾಲ್ಕು ವಾರ. ಗಂಡುಗಳು ಕೂಗುತ್ತವೆ, ಹೆಣ್ಣುಗಳು ಮೊಟ್ಟೆ ಇಡುತ್ತವೆ, ಮುಗಿಯಿತು.

"ಪಾಪ, ಎಂಥ ತಪಸ್ಸು ಮೇಡಂ," ಎಂದೆ.

"ತಪಸ್ಸೂ ಇಲ್ಲ, ಗಿಪಸ್ಸೂ ಇಲ್ಲ. ಹದಿನೇಳು ವರ್ಷ ಕೂತಲ್ಲೇ ಕುಡೀತಾ ಇರ್ತವೆ."

"ಬರೀ ರಸ ತಾನೆ? ಉಪವಾಸ ಇದ್ದ ಹಾಗೇ ಅಲ್ವೇ?"

"ಹಾಂ, ನಿನ್ನ ಏಕಾದಶಿ ಉಪವಾಸ ಇದ್ದಂಗೆ. ಬೆಳಿಗ್ಗೆ ಹಣ್ಣಿನ ರಸ, ಮಧ್ಯಾಹ್ನ ಅವಲಕ್ಕಿ, ಸಂಜೆ ಸಾಬಕ್ಕಿ ಪಾಯಸ. ಪಾಪ, ಎಷ್ಟು ಸೊರಗಿದೀಯಾ."

ದೇವರ ವಿಷಯದಲ್ಲಿ ಅವರು ನನ್ನನ್ನು ಹೀಗೆ ಆಡಿಕೊಳ್ಳುತ್ತಿದ್ದರೇ ಹೊರತು ಪ್ರಸಾದವನ್ನು ಒಂದು ದಿನವೂ ಬೇಡವೆಂದವರಲ್ಲ. ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವರು.

ಆ ವರ್ಷದ ನವರಾತ್ರಿಗೆ ಮೇಡಂ ಮಾಡಿದ ಕೆಲಸವನ್ನು ನಮ್ಮ ತಾಯಿ ಇವತ್ತಿಗೂ ಕ್ಷಮಿಸಿಲ್ಲ. ನನ್ನ ಹತ್ತಿರ ಪಟ್ಟದ ಗೊಂಬೆ, ದಶಾವತಾರದ ಒಂದು ಸೆಟ್ಟು ಬಿಟ್ಟರೆ ಬೇರೆ ಗೊಂಬೆ ಇರಲಿಲ್ಲ. ಊರಿಂದ ತರಿಸುವ ದಾರಿಯೂ ಇರಲಿಲ್ಲ. ಒಂದು ಮೆಟ್ಟಿಲು ಪೂರ್ತಿ ಖಾಲಿ. "ನನಗೆ ಬಿಡು," ಎಂದರು ಮೇಡಂ. ಮೈದಾ, ಉಪ್ಪು ಕಲಸಿ ಮೂರು ದಿನ ಕೂತು ಏಳು ಗೊಂಬೆ ಮಾಡಿದರು: ಒಂದು ಮೊಟ್ಟೆ, ಒಂದಕ್ಕಿಂತ ಒಂದು ದೊಡ್ಡದಾದ ಐದು ಮಣ್ಣುಹುಳು, ಕೊನೆಗೆ ರೆಕ್ಕೆ ಬಂದ ಜೀರುಂಡೆ. ಮಣ್ಣುಹುಳುಗಳಿಗೆ ಕಾಫಿಪುಡಿಯ ಬಣ್ಣ, ಮುಂಗಾಲು ಮಣ್ಣು ಅಗೆಯುವ ಕೊಕ್ಕೆಯ ಹಾಗೆ. ದೊಡ್ಡ ಜೀರುಂಡೆಯ ಮೈಗೆ ದೀಪದ ಮಸಿ, ಬೆಣ್ಣೆ ಕಾಗದದ ರೆಕ್ಕೆ, ರೆಕ್ಕೆಯ ನರಗಳಿಗೆ ಕೇಸರಿ ನೀರು. ಕಣ್ಣಿಗೆ ಮಾತ್ರ ನನ್ನ ಬಟ್ಟಲಿನ ಕುಂಕುಮ. "ಕಣ್ಣು ಕೆಂಪಗೇ ಇರಬೇಕು. ಅದೇ ಅದರ ಲಕ್ಷಣ," ಎಂದು ಭೂತಗನ್ನಡಿ ಹಿಡಿದು ಇಟ್ಟರು. ಮತ್ಸ್ಯ, ಕೂರ್ಮ, ವರಾಹಗಳ ಕೆಳಗೆ ಆ ಏಳೂ ಸಾಲಾಗಿ ಕೂತಾಗ, ನಿಜ ಹೇಳಬೇಕೆಂದರೆ, ಅಷ್ಟೇನೂ ಬೇರೆಯಾಗಿ ಕಾಣಲಿಲ್ಲ.

ಹಾಸನದಿಂದ ನಮ್ಮಮ್ಮ ವಿಡಿಯೊ ಕಾಲಿನಲ್ಲಿ ಆರತಿ ನೋಡುತ್ತಿದ್ದವರು ಕಿರುಚಿಕೊಂಡರು. "ಏನೇ ಅದು ದೇವರ ಮೆಟ್ಟಿಲ ಮೇಲೆ? ಜಿರಲೆ! ಹೊಡಿಯೇ!"

ಮೇಡಂ ಹಿಂದಿನಿಂದ ಮುಖ ತೂರಿಸಿ, "ಜಿರಲೆ ಅಲ್ಲ ತಾಯಿ, ಜೀರುಂಡೆ. ಕುಲ ಬೇರೆ, ಗೋತ್ರ ಬೇರೆ," ಎಂದು ಸಮಾಧಾನ ಹೇಳಿದರು. ಅಮ್ಮ ಫೋನಿಟ್ಟುಬಿಟ್ಟರು.

ಚಳಿಗಾಲಕ್ಕೆ ನಿಯಮ ಬಿಗಿಯಾಗಿ, ಒಂದು ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂದಾಯಿತು. ನಮ್ಮ ಮನೆಯ ಆ ಒಬ್ಬರು ದಿನಾ ಮೇಡಂ. ನಮ್ಮ ಯಜಮಾನರ ಸ್ನೇಹಿತರೊಬ್ಬರು ಹೂಫ್‌ಡಾರ್ಪ್ ಎಂಬ ಊರಿನಿಂದ ಅಷ್ಟು ದೂರ ಬಂದವರು ಮೇಡಂ ಒಳಗಿದ್ದಾರೆಂದು ತಿಳಿದು ಹಿತ್ತಲಲ್ಲಿ ಕೊಡೆ ಹಿಡಿದು ನಿಂತೇ ಕಾಫಿ ಕುಡಿದರು. ಮೇಡಂ ಎದ್ದು ಹೋಗಬಹುದಿತ್ತು. ಅದರ ಬದಲು ಕಿಟಕಿ ತೆರೆದು ಆ ಮನುಷ್ಯನಿಗೆ, ಗಂಡು ಜೀರುಂಡೆ ಗಂಟಲಿಂದ ಕೂಗುವುದಿಲ್ಲ, ಹೊಟ್ಟೆಯ ಪಕ್ಕದಲ್ಲಿರುವ ಚರ್ಮವನ್ನು ತಮಟೆಯ ಹಾಗೆ ಅದುರಿಸುತ್ತದೆ ಎಂದು ಪಾಠ ಮಾಡಿದರು. ಆ ಸ್ನೇಹಿತರು ಮತ್ತೆ ನಮ್ಮ ಮನೆಗೆ ಬಂದದ್ದು ಮರುವರ್ಷವೇ.

ಆ ಚಳಿಗಾಲದ ಒಂದು ಮಧ್ಯಾಹ್ನ ನಾನು ಚಕ್ಕುಲಿ ಒತ್ತುತ್ತಿದ್ದೆ. ಸುಮ್ಮನೆ ಕೇಳಿದೆ. "ಅಲ್ಲ ಮೇಡಂ, ಇಷ್ಟೆಲ್ಲ ಗೊತ್ತು ನಿಮಗೆ. ಹೋದ ಸಲ ಬಂದಾಗಲೇ ನೋಡ್ಬಿಡಬಹುದಿತ್ತಲ್ಲ?"

ಮೇಡಂ ಬೆರಳು ಉಜ್ಜಿಕೊಳ್ಳುವುದನ್ನು ನಿಲ್ಲಿಸಿದರು. ಆಮೇಲೆ ಹೇಳಿದರು.

ಹೋದ ಸಲ ಅವು ಬಂದದ್ದು ಎರಡು ಸಾವಿರದ ನಾಲ್ಕರ ಮೇ ತಿಂಗಳು. ಆಗ ವಿದ್ಯಾ ಮತ್ತು ಗಂಡ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೈದುನನ ಮನೆಯಲ್ಲಿದ್ದರು. ಬಾಣಂತನಕ್ಕೆಂದು ಮೇಡಂ ಮೊದಲ ಸಲ ವಿಮಾನ ಹತ್ತಿದ್ದರು. ದೇವರು ಒಂದೇ ಕೈಯಲ್ಲಿ ಮೊಮ್ಮಗುವನ್ನೂ ಜೀರುಂಡೆಯನ್ನೂ ಕೊಟ್ಟ ಹಾಗಾಗಿತ್ತು. ಆದರೆ ಮಗು ದಿನ ತುಂಬುವ ಮೊದಲೇ ಹುಟ್ಟಿತು, ಎರಡು ಕಿಲೋ ಇರಲಿಲ್ಲ. ತುಮಕೂರಿನಿಂದ ಮೇಡಂ ಅತ್ತೆಯ ಫೋನ್: ಕಿಟಕಿ ತೆರೆಯಬೇಡ, ಪರದೆ ಸರಿಸಬೇಡ, ಗಾಳಿ ಆಡಬಾರದು, ಬಾಣಂತಿ ಮಗುವನ್ನು ಬಿಟ್ಟು ನಲವತ್ತು ದಿನ ಹೊಸಿಲು ದಾಟಬೇಡ. ಮೂವತ್ತು ವರ್ಷ ಹುಡುಗಿಯರಿಗೆ, "ಯಾರು ಹೇಳಿದ್ರೂ ನಂಬಬೇಡಿ, ಕಣ್ಣಾರೆ ನೋಡಿ," ಎಂದು ಕಲಿಸಿದವರು ಅಷ್ಟನ್ನೂ ಅಕ್ಷರಶಃ ಪಾಲಿಸಿದರು. ಕೋಣೆಯ ಕಿಟಕಿಯ ಹೊರಗೇ ಮೇಪಲ್ ಮರ. ಊರಿನ ಮಿಕ್ಸಿಗಳೆಲ್ಲ ಒಟ್ಟಿಗೆ ತಿರುಗಿದಂಥ ಸದ್ದು ಹಗಲೆಲ್ಲ. ಅಡುಗೆಮನೆಯ ಗಾಜಿಗೆ ಆಗೊಮ್ಮೆ ಈಗೊಮ್ಮೆ ಒಂದು ಕರಿ ಜೀರುಂಡೆ ಬಂದು ಬಡಿಯುತ್ತಿತ್ತಂತೆ. ಆದರೆ ಅವರು ನೋಡಬೇಕೆಂದಿದ್ದು ಅದನ್ನಲ್ಲ. ಬೆನ್ನು ಸೀಳಿಕೊಂಡು ಹಳೆಯ ಪೊರೆಯಿಂದ ಹೊಸ ಜೀರುಂಡೆ ಬಿಳಿಯಾಗಿ ಹೊರಬರುವುದನ್ನು. ವರ್ಷವರ್ಷವೂ ಬೋರ್ಡಿನ ಮೇಲೆ ಬಿಡಿಸಿದ ಚಿತ್ರ ಅದು.

ನಲವತ್ತೊಂದನೆಯ ದಿನ ಹೊರಗೆ ಬಂದರೆ ಮರದ ಬುಡದಲ್ಲಿ ಖಾಲಿ ಪೊರೆಗಳು ಮತ್ತು ಉದುರಿದ ರೆಕ್ಕೆಗಳು.

"ಒಂದು ಪರದೆ ಸರಿಸಿದ್ರೆ ಸಾಕಿತ್ತು ಕಣಮ್ಮ. ಗಾಳಿಯಿಂದ ಏನೂ ಆಗಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ಕೈ ಬರಲಿಲ್ಲ. ಅಷ್ಟು ಸಣ್ಣ ಮಗು, ಏನಾದ್ರೂ ಆಗಿಬಿಟ್ರೆ ಅಂತ." ಬೆರಳು ಮತ್ತೆ ಉಜ್ಜಿಕೊಳ್ಳುತ್ತಾ, "ಹೊರಗಿನ ಸದ್ದಿಗೆ ಇಂಚರ ಅಂತ ಹೆಸರಿಟ್ಟೆ, ಅಷ್ಟೇ ನನಗೆ ದಕ್ಕಿದ್ದು. ಇದನ್ನ ಆ ಹುಡುಗಿಗೆ ಹೇಳಬೇಡ. ಅಜ್ಜಿಗೆ ಸಾಲ ಇಟ್ಕೊಂಡಿದೀನಿ ಅಂದ್ಕೊಂಡುಬಿಡುತ್ತೆ," ಎಂದರು.

ಆದ್ದರಿಂದ ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಿಗೆ ಮೇಡಂ ಹದಿನೇಳು ವರ್ಷ ಕಾದಿದ್ದರು. ಅವರಿಗೆ ಎಪ್ಪತ್ತಮೂರು ತುಂಬಿತ್ತು. ಮೇರಿಲ್ಯಾಂಡಿನ ಅದೇ ಮನೆ, ಅದೇ ಮರ, ವೀಸಾ ಎಲ್ಲ ಸಿದ್ಧವಿತ್ತು. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ವರ್ಷ ಏಳುವ ಗುಂಪುಗಳೂ ಇವೆಯಂತೆ. ಆದರೆ, "ನನಗೆ ನಮ್ಮ ಮರದ್ದೇ ಬೇಕು," ಎನ್ನುತ್ತಿದ್ದರು. ಮಾರ್ಚಿನಲ್ಲೇ ಪೆಟ್ಟಿಗೆ ಕಟ್ಟಿದರು. ಯೂರೋಪಿನಿಂದ ಬರುವ ಪರದೇಶದವರನ್ನು ಅಮೆರಿಕ ಒಳಗೆ ಬಿಡುತ್ತಿರಲಿಲ್ಲ. ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಎಂದು ಏಪ್ರಿಲ್ ಮುಗಿಯಿತು. ಬೇರೆ ಯಾವುದೋ ದೇಶದಲ್ಲಿ ಎರಡು ವಾರ ಇದ್ದು ಅಲ್ಲಿಂದ ಹೋಗಬಹುದೆಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಭೂಪಟ ಹಿಡಿದು ಕೂತರು. ವಿದ್ಯಾ ಆಫೀಸಿನ ಆನ್‌ಲೈನ್ ಮೀಟಿಂಗಿನ ಮಧ್ಯದಲ್ಲೇ ಎದ್ದು ಬಂದು ಕೂಗಾಡಿದಳು. "ಎಪ್ಪತ್ತಮೂರು ವರ್ಷಕ್ಕೆ, ಈ ಕಾಯಿಲೆ ಕಾಲದಲ್ಲಿ, ಯಾವುದೋ ದೇಶದ ಹೋಟೆಲಲ್ಲಿ ಹುಳ ನೋಡೋಕೆ ಕಾಯ್ತೀಯಾ ಅಮ್ಮ?"

ಮೇಡಂ ಭೂಪಟ ಮಡಿಸಿ ಇಟ್ಟರು. ಎರಡು ದಿನ ನಮ್ಮ ಮನೆಗೂ ಬರಲಿಲ್ಲ. ಮಣ್ಣು ಅಳೆಯಲೂ ಬರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಅಮೆರಿಕ ಒಳಗೆ ಬಿಡುತ್ತಿದ್ದದ್ದು ತನ್ನ ಪ್ರಜೆಗಳನ್ನು. ಆ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಇದ್ದ ಜೀವ ಒಂದೇ, ಇಂಚರ. ಸ್ನಾನದ ಮನೆಯಲ್ಲಿ ಜೇಡ ಕಂಡರೆ ಬೀದಿಗೆಲ್ಲ ಕೇಳುವಂತೆ ಕಿರುಚುವ ಹುಡುಗಿ. ವಿದ್ಯಾ ಒಮ್ಮೆ ಹೋಗಿ ಬರುತ್ತೀಯಾ ಎಂದು ಕೇಳಿದ್ದಕ್ಕೆ, "ನೋ ವೇ ಅಮ್ಮ, ನನಗೆ ಅದರ ಫೋಟೋ ನೋಡಿದ್ರೇ ಮೈಯೆಲ್ಲ ತುರಿಕೆ," ಎಂದಿದ್ದಳಂತೆ.

ಮೂರನೆಯ ದಿನ ಅವಳು ನಮ್ಮ ಮನೆಗೆ ಚಕ್ಕುಲಿ ತಿನ್ನಲು ಬಂದಳು. ಮೇಡಂ ಹೇಳಬೇಡ ಎಂದದ್ದನ್ನು ನಾನು ಹೇಳಿಬಿಟ್ಟೆ. ಪರದೆ, ಮೇಪಲ್ ಮರ, ಎರಡು ಕಿಲೋ ಇಲ್ಲದ ಮಗು, ಎಲ್ಲ. ಕೊಟ್ಟ ಮಾತಿಗೆ ತಪ್ಪಿದ್ದು ಪಾಪವೇ. ಆದರೆ ಆ ಹುಡುಗಿ ಕೈಯಲ್ಲಿದ್ದ ಚಕ್ಕುಲಿಯನ್ನು ತಿನ್ನದೆ ಸುಮ್ಮನೆ ತಿರುಗಿಸುತ್ತಾ ಕೂತಿದ್ದು ನೋಡಿ ದೇವರು ಮನ್ನಿಸಿದನೆಂದೇ ನನ್ನ ನಂಬಿಕೆ.

"ಎಷ್ಟು ದಿನ ಹೋಗ್ಬೇಕು ಆಂಟಿ?" ಎಂದಳು ಕೊನೆಗೆ.

ಈ ದೇಶದಲ್ಲಿ ಶಾಲೆ ತಪ್ಪಿಸುವುದೆಂದರೆ ಸಣ್ಣ ಮಾತಲ್ಲ. ಶಾಲೆಯವರು ಫೋನ್ ಮಾಡಿ, ಹತ್ತಿರದವರ ಮದುವೆಯೋ ಸಾವೋ ಎಂದು ಕೇಳಿದರು. ಇಂಚರ ಫೋನಿಗೆ ಕೈ ಅಡ್ಡ ಹಿಡಿದು ಅಜ್ಜಿಯ ಮುಖ ನೋಡಿದಳು. ಮೇಡಂ, "ಹುಟ್ಟು ಅಂತ ಹೇಳು," ಎಂದರು. ವಿಷಯ ಜೀವಶಾಸ್ತ್ರದ ಮೇಷ್ಟ್ರಿಗೆ ಮುಟ್ಟಿ, ಬಂದ ಮೇಲೆ ತರಗತಿಗೆಲ್ಲ ವಿವರಿಸಬೇಕೆಂಬ ಷರತ್ತಿನ ಮೇಲೆ ರಜ ಸಿಕ್ಕಿತು. ಮೇಷ್ಟ್ರುಗಳಲ್ಲಿ ಒಳ್ಳೆಯವರು ಎಲ್ಲ ದೇಶದಲ್ಲೂ ಇರುತ್ತಾರೆ.

ತರಬೇತಿ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಖರ್ಜೂರಕ್ಕೆ ಆರು ಲವಂಗ ಚುಚ್ಚಿ ಕಾಲು ಮಾಡಿದ್ದರು ಮೇಡಂ. ಇಂಚರ ಕಣ್ಣು ಮುಚ್ಚಿ ಕೈ ಚಾಚಬೇಕು. ಖರ್ಜೂರವನ್ನು ಮೊಣಕೈಯಿಂದ ಭುಜದವರೆಗೆ ನಡೆಸುವರು.

"ಅಜ್ಜಿ! ಸ್ಟಾಪ್! ಸ್ಟಾಪ್!"

"ಕಚ್ಚಲ್ಲ ಕಂದಾ. ಕುಟುಕಲ್ಲ. ಅದಕ್ಕೆ ನೀನೂ ಒಂದೇ, ಮರಾನೂ ಒಂದೇ. ಮರ ಕಿರುಚುತ್ತಾ?"

ಐದನೆಯ ದಿನ ಅವಳು ಕಿರುಚಲಿಲ್ಲ. ಆರನೆಯ ದಿನ ನಮ್ಮ ಮಗ ಅನೂಪ, ಎಂಟು ವರ್ಷದವನು, ಆ ಖರ್ಜೂರವನ್ನು ತಿಂದುಬಿಟ್ಟ. ತರಬೇತಿ ಮುಗಿಯಿತು.

ಇಂಚರ ಹೋದ ವಾರವೇ ಮೇರಿಲ್ಯಾಂಡಿನಲ್ಲಿ ಮಣ್ಣು ಬೆಚ್ಚಗಾಯಿತು. ಮೇಡಂ ಹೇಳಿಕೊಟ್ಟಿದ್ದರು: "ಹೆಚ್ಚಿನವು ಕತ್ತಲಾದ ಮೇಲೆ ಏಳ್ತವೆ. ಆದರೆ ಬೆಳಗಾಗೋ ಹೊತ್ತಿಗೂ ಒಂದೆರಡು ಸೋಮಾರಿಗಳು ಉಳಿದಿರ್ತವೆ. ಅವನ್ನ ಹಿಡಿ, ನನಗೂ ಇಲ್ಲಿ ಹಗಲಿರುತ್ತೆ." ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ವಿದ್ಯಾ ಮೀಟಿಂಗಿನಲ್ಲಿದ್ದಳು. ಮೇಡಂ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಭೂತಗನ್ನಡಿ ಹಿಡಿದು ಕೂತರು. ಒಲೆಯ ಮೇಲೆ ಹುಳಿಗೆ ಬೇಳೆ ಬೇಯುತ್ತಿತ್ತು. ನಾನು ಹುಣಸೆಹಣ್ಣು ಕಿವುಚುತ್ತಿದ್ದವಳು ಹಾಗೇ ಹಿಂದೆ ಬಂದು ನಿಂತೆ.

ಮರದ ಕಾಂಡದ ಮೇಲೆ ಕಂದು ಬಣ್ಣದ ಹುಳು ಒಂದು, ಮಣ್ಣು ಮೆತ್ತಿದ ಮೈಯಲ್ಲಿ ಹತ್ತುತ್ತಿತ್ತು. ನಿಂತಿತು. ಉಗುರು ಊರಿ ಗಟ್ಟಿಯಾಗಿ ಹಿಡಿದುಕೊಂಡಿತು.

"ಬೆನ್ನು ತೋರಿಸು, ಬೆನ್ನು! ಗೀಟು ಬಂತಾ?"

"ಬಂತು ಅಜ್ಜಿ. ಸಣ್ಣ ಲೈನ್."

"ಹತ್ತಿರ ಹೋಗು. ಉಸಿರು ಬಿಡಬೇಡ ಅದರ ಮೇಲೆ."

ಹುಡುಗಿ ಹತ್ತಿರ ಹೋಗಲು ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಬೆರಳು ಎಲ್ಲಿ ತಾಕಿತೋ, ಕ್ಯಾಮೆರಾ ತಿರುಗಿಬಿಟ್ಟಿತು. ಮರ ಹೋಯಿತು, ಹುಳು ಹೋಯಿತು, ಪರದೆಯ ತುಂಬ ಇಂಚರಳ ಮುಖ. ಅವಳಿಗೆ ಗೊತ್ತೇ ಆಗಲಿಲ್ಲ. ಅವಳು ಫೋನ್ ನೋಡುತ್ತಿರಲಿಲ್ಲ, ಮರ ನೋಡುತ್ತಿದ್ದಳು.

ನಾನು ಗಾಬರಿಯಾಗಿ, "ಕ್ಯಾಮೆರಾ ತಿರು..." ಎಂದು ಕೈ ಚಾಚಿದೆ. ಮೇಡಂ ನನ್ನ ಹುಣಸೆಹಣ್ಣಿನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಅದುಮಿದರು. ಬಾಯ ಮೇಲೆ ಬೆರಳಿಟ್ಟರು.

"ಅಜ್ಜಿ... ಬರ್ತಿದೆ," ಎಂದು ಇಂಚರ ಪಿಸುಗುಟ್ಟಿದಳು. "ಬೆನ್ನು ಓಪನ್ ಆಯ್ತು. ವೈಟ್. ಫುಲ್ ವೈಟ್ ಅಜ್ಜಿ. ಕಣ್ಣು ಕೆಂಪಗಿದೆ, ನೀವು ಹೇಳಿದ ಹಾಗೇ. ತಲೆಯ ಹಿಂದೆ ಎರಡು ಕಪ್ಪು ಮಚ್ಚೆ. ಅಯ್ಯೋ ಬೀಳತ್ತೆ... ಹಿಂದಕ್ಕೆ ನೇತಾಡ್ತಿದೆ... ಇಲ್ಲ, ಹಿಡ್ಕೊಂತು. ರೆಕ್ಕೆ ಮುದುರ್ಕೊಂಡಿದೆ, ಸಣ್ಣ ಹತ್ತಿ ಥರ." ಮಾಸ್ಕ್ ಗಲ್ಲದ ಕೆಳಗೆ ಜೋತಿತ್ತು. ತಲೆ ಬಾಚಿರಲಿಲ್ಲ. ಬಾಯಿ ತೆರೆದಿತ್ತು. ಹೆದರಿಕೆ ಇದ್ದ ಮುಖದಲ್ಲಿ ಒಂದೊಂದೇ ಗೆರೆ ಸಡಿಲವಾಗುತ್ತಾ ಹೋಗುವುದನ್ನು ನಾನೂ ನೋಡಿದೆ. ಆ ಹುಡುಗಿಯ ಕಣ್ಣಲ್ಲಿ ನೀರು ಬಂದಾಗ ಅವಳು ಒರೆಸಿಕೊಳ್ಳಲೂ ಇಲ್ಲ. ನನಗೆ ಬೇಳೆ ತಳ ಹತ್ತುವ ವಾಸನೆ ಬರುತ್ತಿತ್ತು. ಮೇಡಂ ಕೈ ಬಿಡಲಿಲ್ಲ. ಇಪ್ಪತ್ತು ನಿಮಿಷವಾದರೂ ಆಗಿರಬೇಕು.

"ಅಜ್ಜಿ, ನೋಡಿದ್ರಾ? ಪೂರ್ತಿ ಬಂತು!" ಎಂದು ಇಂಚರ ಕೊನೆಗೆ ಕೇಳಿದಳು, ಕಣ್ಣು ಇನ್ನೂ ಮರದ ಮೇಲೇ.

"ನೋಡ್ದೆ ಕಂದಾ."

"ಹೇಗಿತ್ತು?"

"ಮೂವತ್ತು ವರ್ಷ ನಾನು ಬೋರ್ಡ್ ಮೇಲೆ ಬಿಡಿಸಿದ್ದೆಲ್ಲ ತಪ್ಪು."

ಫೋನಿಟ್ಟ ಮೇಲೆ ನಾನು ತಡೆಯಲಾರದೆ ಕೇಳಿದೆ. "ಯಾಕೆ ಮೇಡಂ? ಒಂದು ಮಾತು ಹೇಳಿದ್ರೆ ತಿರುಗಿಸ್ತಿದ್ಲಲ್ಲ."

ಮೇಡಂ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಿದ್ದರು. "ಹೇಳಿದ್ರೆ ಅವಳು ಫೋನ್ ನೋಡೋಳು ಕಣಮ್ಮ. ಮರ ನೋಡ್ತಿರಲಿಲ್ಲ." ಕನ್ನಡಕ ಹಾಕಿಕೊಂಡು ನನ್ನ ಮಣಿಕಟ್ಟು ನೋಡಿದರು. ಅವರ ಬೆರಳಿನ ಗುರುತು ಕೆಂಪಗೆ ಮೂಡಿತ್ತು. "ಎರಡು ಸಲವೂ ಈ ಹುಡುಗೀನೇ ಅಡ್ಡ ಬಂದ್ಲು ನೋಡು. ಇರಲಿ. ಮೂವತ್ತೆಂಟಕ್ಕೆ ನನಗೆ ತೊಂಬತ್ತು, ಆಗ ನೋಡ್ಕೋತೀನಿ. ಈಗ ಏಳು, ನಿನ್ನ ಬೇಳೆ ಸೀದು ಹೋಯ್ತು."

ಇಂಚರ ತೆಗೆದ ಫೋಟೋಗಳು ಆಮೇಲೆ ಬಂದವು. ಅವುಗಳಲ್ಲಿದ್ದದ್ದು ಆಗಲೇ ಮೈ ಕಪ್ಪಾಗಿ, ರೆಕ್ಕೆಯಲ್ಲಿ ಕಿತ್ತಳೆ ನರ ಮೂಡಿದ್ದ ಜೀರುಂಡೆಗಳು. ಮೇಡಂ ಅವನ್ನೆಲ್ಲ ನೋಡಿ ಮೆಚ್ಚಿ ಮಾರ್ಕ್ಸ್ ಕೊಟ್ಟರು. ಹತ್ತಕ್ಕೆ ಎಂಟು. ಕ್ಯಾಮೆರಾದ ವಿಷಯ ನಾವಿಬ್ಬರೂ ಯಾರಿಗೂ ಹೇಳಲಿಲ್ಲ. ಇಂಚರಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ವಿಮಾನಗಳು ಸರಿಯಾದ ಮೇಲೆ ತಮ್ಮನನ್ನು ನೋಡಿ ಬರುತ್ತೇನೆಂದು ಮೇಡಂ ತುಮಕೂರಿಗೆ ಹೊರಟರು. ಹೋಗುವ ದಿನ ಬೇಲಿಯ ಗೇಟು ತೆರೆದು ಬಂದು ಥರ್ಮಾಮೀಟರನ್ನು ನನ್ನ ಕೈಗಿಟ್ಟರು. "ನಾನು ಬರೋ ತನಕ ನೀನು ಅಳೀತಾ ಇರು. ಗಂಗಾಜಲ ಹಾಕಬೇಡ." ಕುಂಕುಮ ಕೊಟ್ಟೆ. ಇಟ್ಟುಕೊಂಡರು. ನಾನು ಕಾಲಿಗೆ ಬಿದ್ದಾಗ, "ಏಳಮ್ಮ, ನೀನು ಬಗ್ಗಿದ್ರೆ ಆಮೇಲೆ ಎಬ್ಬಿಸೋಕೆ ನನ್ನ ಕೈಲಾಗಲ್ಲ," ಎಂದರು. ನನಗೆ ದಕ್ಕಿದ ಕೊನೆಯ ಆಶೀರ್ವಾದ ಅದು. ಥರ್ಮಾಮೀಟರಿನಿಂದ ಮಣ್ಣು ಅಳೆದದ್ದು ನಾಲ್ಕೇ ದಿನ. ಆಮೇಲೆ ಚೆನ್ನಾಗಿ ತೊಳೆದು ಮೈಸೂರುಪಾಕಿಗೆ ಬಳಸಿದೆ. ಪಾಕ ಅಷ್ಟು ಹದವಾಗಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಇಷ್ಟೆಲ್ಲ ನೆನೆಯುತ್ತಾ ಇವತ್ತು ಫ್ರಿಜ್ಜನ್ನು ಮತ್ತೆ ಜೋಡಿಸಿದೆ. ವಿದ್ಯಾ ಮತ್ತು ಗಂಡ ಸಂಜೆಯ ವಿಮಾನಕ್ಕೆ ಹೊರಟರು. ಪರೀಕ್ಷೆ ಇದ್ದುದರಿಂದ ಇಂಚರ ಈ ವಾರ ನಮ್ಮಲ್ಲೇ ಇರುವುದೆಂದಾಯಿತು. ಅವಳು ಬೆನ್ನಿಗೆ ಚೀಲ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅತ್ತು ಮುಖ ಊದಿತ್ತು.

"ಆಂಟಿ, ಒಂದ್ ಮಾತು ಕೇಳ್ಲಾ? ಅವತ್ತು ನೀವೂ ಪಕ್ಕದಲ್ಲೇ ಇದ್ರಿ ಅಲ್ವಾ. ಅಜ್ಜಿಗೆ ಸರಿಯಾಗಿ ಕಾಣ್ತಾ? ನಮ್ಮ ಚಿಕ್ಕಪ್ಪನ ಮನೇಲಿ ಸಿಗ್ನಲ್ ಸರಿ ಇರ್ಲಿಲ್ಲ. ಕಾಣ್ದೇನೆ ನನ್ನ ಸಮಾಧಾನಕ್ಕೆ ಹೇಳಿದ್ರೇನೋ ಅಂತ ಈಗ ಅನಿಸ್ತಿದೆ."

ನಾನು ಸುಳ್ಳು ಹೇಳುವವಳಲ್ಲ. ಇವತ್ತು ಶನಿವಾರ ಬೇರೆ.

"ಪೂರ್ತಿ ನೋಡಿದ್ರು ಕಂದಾ. ಶುರುವಿಂದ ಕೊನೇವರೆಗೂ. ಒಂದು ಸಲಾನೂ ಕಣ್ಣು ಮಿಟುಕಿಸಲಿಲ್ಲ," ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ದೇವರು ಆ ಮಾತನ್ನು ನನಗೆ ಹಾಗೆ ಒದಗಿಸಿಕೊಟ್ಟ.

ಅವಳು ತಲೆಯಾಡಿಸಿ, ಚೀಲ ಇಳಿಸಿ, ಅನೂಪನ ಪಕ್ಕ ಹೋಗಿ ಕೂತಳು. ಗಂಟೆ ಏಳಾಗುತ್ತಾ ಬಂದಿತ್ತು. ನಾನು ಅಕ್ಕಿ ಡಬ್ಬಿ ತೆರೆದೆ. ನಮ್ಮ ಮೂವರಿಗೆ ಒಂದೂವರೆ ಪಾವು. ಇನ್ನರ್ಧ ಪಾವು ಸೇರಿಸಿ ತೊಳೆಯತೊಡಗಿದೆ.